ತಿಪ್ಪೆಯೂ ರಿಯಾಂಶನೂ

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ನಿಂತು ‘ತಿಪ್ಪೇಸ್ವಾಮಿ’ ಎಂದು ಕೂಗಿದರೆ ನಾಲ್ಕು ಮಂದಿಯಾದರೂ ತಿರುಗಿ ನೋಡಿಯಾರು. ಅವರಲ್ಲಿ ಐವತ್ತು ದಾಟಿದವರೇ ಹೆಚ್ಚು. ಹುಡುಗರಾದರೆ ಕಾಲೇಜು ಸೇರುವ ಹೊತ್ತಿಗೆ ‘ಟಿ. ಸ್ವಾಮಿ’, ಬೆಂಗಳೂರು ತಲುಪುವ ಹೊತ್ತಿಗೆ ‘ತಿಪ್ಸ್’. ಕಾರಣ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ತಿಪ್ಪೆ ಅಂದರೆ ಕಸ; ಓದುಬರಹವಿಲ್ಲದ ಕಾಲದಲ್ಲಿ ಕೆಳಜಾತಿಯವರನ್ನು ಹೀಯಾಳಿಸಲು ಇಟ್ಟ ಹೆಸರದು.

ಮೇಲ್ಜಾತಿಯವರು ಕೆಳಗಿನವರಿಗೆ ಒಳ್ಳೆಯ ಹೆಸರಿಟ್ಟುಕೊಳ್ಳಲು ಬಿಡದಿದ್ದದ್ದು ಸುಳ್ಳಲ್ಲ. ಆದರೆ ಆ ಪಾಪವನ್ನು ಈ ಹೆಸರಿನ ತಲೆಗೆ ಕಟ್ಟುವುದು ಶುದ್ಧ ತಪ್ಪು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಈ ಸೀಮೆಯ ಮನೆದೇವರು. ಬರದ ನಾಡಿನಲ್ಲಿ ಕೆರೆ ಕಟ್ಟಿಸಿದವನೆಂದು ಜನ ನೆನೆಯುವ ಸಂತ. ಅವನ ತೇರಿನ ಮುಕ್ತಿ ಬಾವುಟವನ್ನು ಹರಾಜಿನಲ್ಲಿ ಲಕ್ಷಗಟ್ಟಲೆ ಸುರಿದು ಕೂಗುವವರಲ್ಲಿ ಶಾಸಕರೂ ಇರುತ್ತಾರೆ, ಮಂತ್ರಿಗಳೂ ಇರುತ್ತಾರೆ. ಆ ಬಾವುಟ ಹಿಡಿಯಲು ಯಾರಿಗೂ ನಾಚಿಕೆಯಿಲ್ಲ. ಮಗನಿಗೆ ಆ ಹೆಸರಿಡಲು ಮಾತ್ರ ನಾಚಿಕೆ.

ಹೆಸರಿನ ಇನ್ನೊಂದು ಬೇರು ಮತ್ತೂ ಆಳದಲ್ಲಿದೆ. ಹುಟ್ಟಿದ ಕೂಸುಗಳು ಒಂದರ ಮೇಲೊಂದು ಸಾಯುತ್ತಿದ್ದ ಮನೆಯಲ್ಲಿ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಳ್ಳುತ್ತಿದ್ದರು. ಇದು ನಮಗೇ ಬೇಡವಾದ ಮಗು, ನಿನಗೇಕೆ ಎಂದು ಸಾವಿಗೆ ಹೇಳುವ ಸುಳ್ಳು. ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಹುಚ್ಚಪ್ಪ ಹುಟ್ಟಿದ್ದು ಹೀಗೆ. ತೆಲುಗರಲ್ಲಿ ಪೆಂಟಯ್ಯ, ತಮಿಳರಲ್ಲಿ ಕುಪ್ಪುಸ್ವಾಮಿ. ಪೆಂಟ, ಕುಪ್ಪೈ ಎರಡೂ ತಿಪ್ಪೆಯ ಬಳಗವೇ. ಮದ್ರಾಸಿನಲ್ಲಿ ಸಂಸ್ಕೃತದ ಮಹಾಮಹೋಪಾಧ್ಯಾಯರಾಗಿದ್ದವರ ಹೆಸರು ಕುಪ್ಪುಸ್ವಾಮಿ ಶಾಸ್ತ್ರಿ. ಕನ್ನಡಕ್ಕೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದವರು ಎಚ್. ತಿಪ್ಪೇರುದ್ರಸ್ವಾಮಿ. ಇವರನ್ನು ಯಾವ ಗೌಡ ಹೀಯಾಳಿಸಿದ್ದ?

ಅಷ್ಟಕ್ಕೂ ತಿಪ್ಪೆಯನ್ನು ಕಸದ ತೊಟ್ಟಿಯೆಂದು ತಿಳಿಯುವುದೇ ಪೇಟೆಯ ಬುದ್ಧಿ. ರಾಗಿ, ಶೇಂಗಾ ಬೆಳೆಯುವವನಿಗೆ ಅದು ಗೊಬ್ಬರದ ಕಣಜ. ದೀಪಾವಳಿಗೆ ತಿಪ್ಪೆಗೆ ಹೂವಿಟ್ಟು ಪೂಜಿಸುವ ಹಳ್ಳಿಗಳು ಇನ್ನೂ ಇವೆ.

ಇಷ್ಟೆಲ್ಲ ಅರ್ಥವಿರುವ ಹೆಸರನ್ನು ಬಿಟ್ಟು ಆರಿಸಿಕೊಳ್ಳುವುದಾದರೂ ಏನನ್ನು? ‘ರಿಯಾಂಶ್’. ಸಂಸ್ಕೃತದಲ್ಲಿ ಸೂರ್ಯನ ಅಂಶ ಎಂದರ್ಥವಂತೆ, ಮೊಬೈಲ್ ಹೇಳಿದೆ. ರವಿಗೆ ಅಂಶ ಸೇರಿದರೆ ಯಣ್ ಸಂಧಿಯಾಗಿ ‘ರವ್ಯಂಶ’ ಆಗುತ್ತದೆಂದು ಹೊಸದುರ್ಗದ ಹೈಸ್ಕೂಲು ಹುಡುಗಿಯೂ ಹೇಳಬಲ್ಲಳು. ‘ರಿ’ ಯಾವಾಗ ಸೂರ್ಯನಾಯಿತೋ ಪಾಣಿನಿಯೇ ಎದ್ದು ಬಂದು ಹೇಳಬೇಕು. ಸಂಸ್ಕೃತವೇ ಬೇಕೆನ್ನುವವರಿಗೆ ಓಬವ್ವ ಸಾಲದೆ? ‘ಓಬಳ’ ಬಂದದ್ದು ಆಂಧ್ರದ ನರಸಿಂಹ ಕ್ಷೇತ್ರವಾದ ಅಹೋಬಲದಿಂದ. ದುರ್ಗದ ಪಾಳೆಯಗಾರರಲ್ಲೇ ಓಬಣ್ಣ ನಾಯಕನಿದ್ದ. ಜಿಲ್ಲಾ ಕ್ರೀಡಾಂಗಣಕ್ಕೆ ಓಬವ್ವನ ಹೆಸರಿದೆ, ನವೆಂಬರ್ 11ಕ್ಕೆ ಸರ್ಕಾರಿ ಜಯಂತಿಯಿದೆ. ತೊಟ್ಟಿಲಿನ ಕೂಸಿಗೆ ಮಾತ್ರ ಅದು ‘ಓಬಿರಾಯನ ಕಾಲದ್ದು’.

ಐರ್ಲೆಂಡಿನಲ್ಲೂ ಹೀಗೊಂದು ಕಥೆ ನಡೆದಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ‘ಟೈಗ್’ ಎಂಬ ಗೇಲಿಕ್ ಹೆಸರಿನವರು ದಫ್ತರದಲ್ಲಿ ‘ತಿಮೋತಿ’ಗಳಾದರು. ಮೊದಲಕ್ಷರ ಬಿಟ್ಟರೆ ಎರಡಕ್ಕೂ ನಂಟಿಲ್ಲ. ಅಲ್ಲಿ ದಫ್ತರ ಪರರದ್ದಾಗಿತ್ತು. 1893ರಲ್ಲಿ ಗೇಲಿಕ್ ಲೀಗ್ ಕಟ್ಟಿಕೊಂಡು ನುಡಿಯನ್ನೂ ಅದರೊಂದಿಗೆ ಹಳೆಯ ಹೆಸರುಗಳನ್ನೂ ಮರಳಿ ತರಲು ಹೊರಟರು. ಇಲ್ಲಿ ಯಾರ ಬಲವಂತವೂ ಇಲ್ಲ. ಒಂದು ಅಫಿಡವಿಟ್, ಪತ್ರಿಕೆಯಲ್ಲೊಂದು ಸಣ್ಣ ಜಾಹೀರಾತು, ಜೊತೆಗೆ ಇಂಗ್ಲಿಷಿನಲ್ಲಿ ಎಷ್ಟು ‘ಎ’ ಇರಬೇಕೆಂದು ಹೇಳುವ ಸಂಖ್ಯಾಶಾಸ್ತ್ರಜ್ಞ.

ಮೊಬೈಲಿನಲ್ಲಿ ಬಂದದ್ದೆಲ್ಲ ವೇದವಾದ ಮೇಲೆ ಹೆಸರೊಂದೇ ಏಕೆ ಪಾರಾದೀತು? ಹಾಕಿ ರಾಷ್ಟ್ರೀಯ ಕ್ರೀಡೆ ಎಂದು ಮಕ್ಕಳು ಇಂದಿಗೂ ಉರು ಹೊಡೆಯುತ್ತಾರೆ. ಯಾವ ಆಟವನ್ನೂ ಹಾಗೆ ಘೋಷಿಸಿಲ್ಲವೆಂದು ಕ್ರೀಡಾ ಸಚಿವಾಲಯ 2012ರಲ್ಲೇ ಮಾಹಿತಿ ಹಕ್ಕಿನಡಿ ಉತ್ತರಿಸಿತ್ತು. ಹಿಂದಿ ರಾಷ್ಟ್ರಭಾಷೆಯಲ್ಲ, ಸಂವಿಧಾನದ 343ನೇ ವಿಧಿಯಲ್ಲಿರುವುದು ಒಕ್ಕೂಟದ ಆಡಳಿತ ಭಾಷೆ. ಚಿನ್ನಿದಾಂಡಿನಿಂದಲೇ ಕ್ರಿಕೆಟ್ ಹುಟ್ಟಿತೆನ್ನುವವರ ಕೈಯಲ್ಲಿ ದಾಂಡಿದೆಯೇ ಹೊರತು ದಾಖಲೆಯಿಲ್ಲ. ಹೊಳಲ್ಕೆರೆಯಲ್ಲಿ ಹೊಳೆ ಹುಡುಕುವುದೂ ವ್ಯರ್ಥ: ಹೊಳಲು ಅಂದರೆ ಪಟ್ಟಣ, ಹಳಗನ್ನಡದ ಪೊೞಲ್. ದುರ್ಗವನ್ನಾಳಿದ ಮದಕರಿ ನಾಯಕನೂ ಒಬ್ಬನೇ ಅಲ್ಲ. 1779ರಲ್ಲಿ ಹೈದರನಿಗೆ ಸೋತವನು ಆ ಹೆಸರಿನ ಕೊನೆಯವನು.

ಹಿರಿಯೂರಿನ ವಾಣಿವಿಲಾಸ ಸಾಗರವನ್ನು ವಿಶ್ವೇಶ್ವರಯ್ಯನವರು ಕಟ್ಟಿದರೆಂಬ ಸಂದೇಶವೂ ಆಗಾಗ ಹರಿದಾಡುತ್ತದೆ. ಅಣೆಕಟ್ಟು ಮುಗಿದದ್ದು 1907ರಲ್ಲಿ, ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ. ಅದರ ಹಳೆಯ ಹೆಸರು ಪಕ್ಕದಲ್ಲೇ ಕೂತ ಕಣಿವೆ ಮಾರಮ್ಮನದು. ಊರಿನ ಮುದುಕರು ಈಗಲೂ ಮಾರಿಕಣಿವೆ ಎಂದೇ ಕರೆಯುತ್ತಾರೆ. ಸಂಖ್ಯಾಶಾಸ್ತ್ರಜ್ಞರ ಕಣ್ಣು ಅತ್ತ ಇನ್ನೂ ಬಿದ್ದಂತಿಲ್ಲ.