ಬೆಟ್ಟ ಹತ್ತೋ ರೈಲಿಗೆ ಬೆಟ್ಟದ್ದೇ ಕರೆಂಟು

ಘಾಟಿ ರೈಲು ಅಂದಕೂಡಲೇ ನಮಗೆ ನೆನಪಾಗೋದು ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗ. ಅಲ್ಲಿ 50 ಮೀಟರ್ ಮುಂದೆ ಹೋದರೆ ಹಳಿ 1 ಮೀಟರ್ ಏರುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತ ದಾಟುವ ಗೊಥಾರ್ಡ್ ಮಾರ್ಗ ಇನ್ನೂ ಕಡಿದು. ಸುಮಾರು 38 ಮೀಟರಿಗೇ 1 ಮೀಟರ್ ಏರು! 1882ರಲ್ಲಿ ಅದು ಪೂರ್ತಿ ತೆರೆದಾಗ, ನಡುವಿನ 15 ಕಿ.ಮೀ. ಸುರಂಗದಲ್ಲೂ ಹೊಗೆ ಉಗುಳುತ್ತಾ ಓಡಿದ್ದು ಉಗಿಬಂಡಿಗಳು.

ತೊಂದರೆ ಅಂದ್ರೆ, ಆ ದೇಶದಲ್ಲಿ ಹೇಳಿಕೊಳ್ಳುವಷ್ಟು ಕಲ್ಲಿದ್ದಲು ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ಹೊರಗಿನ ಕಲ್ಲಿದ್ದಲಿಗೆ ತತ್ವಾರವಾಯಿತು. ಆದರೆ ಎತ್ತರದಲ್ಲಿ ನೀರಿತ್ತು. ರೈಲಿಗೆ ಕಾಟ ಕೊಡುತ್ತಿದ್ದ ಎತ್ತರವೇ ಟರ್ಬೈನಿಗೆ ಬೇಕಾದ ಹೆಡ್! 1920ರಲ್ಲಿ ಶುರುವಾದ ರಿಟೋಮ್ ವಿದ್ಯುದಾಗಾರಕ್ಕೆ ಸರೋವರದ ನೀರು ಪೈಪಿನಲ್ಲಿ ಸುಮಾರು 800 ಮೀಟರ್ ಕೆಳಗೆ ಧುಮುಕುತ್ತದೆ. ಎಂಜಿಎಚ್ ಲೆಕ್ಕ ಹಾಕಿ ನೋಡಿ: ನಷ್ಟ ಬಿಟ್ಟರೆ, 1 ಘನ ಮೀಟರ್ ನೀರಿಗೆ ಸುಮಾರು 2.2 ಯೂನಿಟ್. 40 ಮೀಟರ್ ಹೆಡ್ ಆಗಿದ್ದರೆ ಅಷ್ಟೇ ಕರೆಂಟಿಗೆ 20 ಪಟ್ಟು ನೀರು ಬೇಕಿತ್ತು. 1922ರ ಹೊತ್ತಿಗೆ ಗೊಥಾರ್ಡ್ ಮಾರ್ಗ ಪೂರ್ತಿ ವಿದ್ಯುತ್ತಿಗೆ ಬದಲಾಯಿತು. ಇಳಿಯುವ ರೈಲಿನ ಮೋಟಾರನ್ನೇ ಜನರೇಟರ್ ಮಾಡಿ, ಒಂದಿಷ್ಟು ಕರೆಂಟನ್ನು ತಂತಿಗೆ ವಾಪಸ್ ಕೊಡುವ ರೀಜನರೇಟಿವ್ ಬ್ರೇಕಿಂಗ್ ಆ ಕಾಲದ ಎಂಜಿನ್‌ಗಳಲ್ಲೇ ಇತ್ತು.

ಹಾಗಾದ್ರೆ ಸಮಸ್ಯೆ ಮುಗೀತಾ? ಇಲ್ಲ. ಕರೆಂಟು ಹುಟ್ಟೋದು ಬೆಟ್ಟದಲ್ಲಿ, ಹೆಚ್ಚು ರೈಲು ಓಡೋದು ಉತ್ತರದ ಊರುಗಳ ಕಡೆ. ನಡುವೆ ಇರೋದು ಕಿರಿದಾದ ಕಣಿವೆ. ರಸ್ತೆ, ಹಳಿ, ವಿದ್ಯುತ್ ಲೈನು ಎಲ್ಲವೂ ಅಲ್ಲೇ ತೂರಿಕೊಂಡು ಹೋಗಬೇಕು.

2005ರ ಜೂನ್ 22ರ ಸಂಜೆ ಇದರ ಬೆಲೆ ಗೊತ್ತಾಯಿತು. ಬೆಟ್ಟದ ಕಡೆಯಿಂದ ಉತ್ತರಕ್ಕೆ ರೈಲ್ವೆ ಕರೆಂಟು ಒಯ್ಯುವ ಮೂರು ಲೈನ್‌ಗಳಲ್ಲಿ ಎರಡನ್ನು ಕಾಮಗಾರಿಗೆಂದು ಬಂದ್ ಮಾಡಿದ್ದರು. ಮೂರನೆಯದು ಲೋಡ್ ತಡೆಯಲಾರದೆ ಟ್ರಿಪ್ ಆಯಿತು. ಬೆಟ್ಟದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು, ಹೋಗಲು ದಾರಿಯಿಲ್ಲ. ಅಲ್ಲಿನ ವಿದ್ಯುದಾಗಾರಗಳು ನಿಂತವು. ಉತ್ತರದಲ್ಲಿ ಕೊರತೆ. ಪಕ್ಕದ 50 ಹರ್ಟ್ಸ್ ಗ್ರಿಡ್‌ನಿಂದ ಎಳೆದುಕೊಳ್ಳೋಣ ಅಂದ್ರೆ ರೈಲ್ವೆಯದು 16.7 ಹರ್ಟ್ಸ್. ನಡುವೆ ಫ್ರೀಕ್ವೆನ್ಸಿ ಕನ್ವರ್ಟರ್ ಬೇಕೇ ಬೇಕು, ಅದಕ್ಕೂ ಮಿತಿಯಿದೆ. ಸ್ವಲ್ಪ ಹೊತ್ತಿನಲ್ಲೇ ಇಡೀ ದೇಶದ ರೈಲ್ವೆ ಜಾಲ ಕುಸಿಯಿತು. ಸುಮಾರು 2 ಲಕ್ಷ ಪ್ರಯಾಣಿಕರು ಅಲ್ಲಲ್ಲೇ ಸಿಕ್ಕಿಹಾಕಿಕೊಂಡರು.

ಪವರ್ ಸಿಸ್ಟಮ್ಸ್ ಪೇಪರಿಗೆ ನಾವೆಲ್ಲ ಬಾಯಿಪಾಠ ಮಾಡುವ 'ಎನ್ ಮೈನಸ್ 1' ನಿಯಮ ಹೇಳೋದು ಇದನ್ನೇ: ಯಾವುದೇ ಒಂದು ಲೈನ್ ಹೋದರೂ ಉಳಿದವು ಭಾರ ಹೊರಬೇಕು. ಗಮನಿಸಬೇಕಾದ್ದು ಏನಂದ್ರೆ, ಎಣಿಕೆ ಶುರುವಾಗೋದು ಕಾಗದದ ಮೇಲಿರುವ ಮೂರರಿಂದಲ್ಲ, ಆ ಹೊತ್ತಿಗೆ ಚಾಲೂ ಇರುವ ಲೈನ್‌ಗಳಿಂದ. ಎರಡು ರಿಪೇರಿಗೆ ಹೋದ ಮೇಲೆ ಉಳಿದದ್ದು ಒಂದೇ. ಅದರಲ್ಲಿ ಒಂದು ಕಳೆದರೆ ಸೊನ್ನೆ.

2016ರಲ್ಲಿ 57 ಕಿ.ಮೀ. ಉದ್ದದ ಹೊಸ ಗೊಥಾರ್ಡ್ ಸುರಂಗ ತೆರೆದ ಮೇಲೆ ಏರು ಬಹಳ ತಗ್ಗಿದೆ. ಆದರೂ ರೈಲು ನಂಬಿರುವುದು ತಂತಿಯನ್ನೇ. ನಮ್ಮ ಘಟ್ಟಗಳಲ್ಲಿ ಹೊಸ ರಸ್ತೆ, ಹಳಿ, ಲೈನು ಬರುವಾಗಲೂ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಕೆಟ್ಟು ನಿಂತ ದಿನ ಇನ್ನೊಂದು ದಾರಿ ಯಾವುದು?