ಬೆರಳಿನ ಸುದ್ದಿ

ವಯಸ್ಸಾದವರು ಮೊಬೈಲಿನ ಗಾಜನ್ನು ಮುಟ್ಟಿ, ಅದು ಓಗೊಡದೆ ಹೋದಾಗ, “ನನ್ನ ಬೆರಳೇ ಸರಿಯಿಲ್ಲ” ಎಂದು ಪೇಚಾಡುವುದನ್ನು ನಾವೆಲ್ಲ ಕಂಡಿದ್ದೇವೆ. ತಪ್ಪು ನಿಜವಾಗಿ ಬೆರಳಿನದೇ? ಇದನ್ನರಿಯಲು ಬೆರಳಿನ ಸುದ್ದಿ ಯಂತ್ರಕ್ಕೆ ತಲುಪುವ ಬಗೆಯನ್ನು ನೋಡಬೇಕು.

ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ನವಿರಾದ ವಿದ್ಯುದ್ವಾಹಕ ಗೆರೆಗಳ ಜಾಲವೊಂದಿದೆ. ನಮ್ಮ ದೇಹವೂ ವಿದ್ಯುದ್ವಾಹಕವೇ. ಬೆರಳು ತಾಕಿದೊಡನೆ ಆ ಜಾಗದಲ್ಲಿ ವಿದ್ಯುತ್ತನ್ನು ಹಿಡಿದಿಡುವ ಶಕ್ತಿ ತುಸು ಬದಲಾಗುತ್ತದೆ. ಯಂತ್ರ ಅದನ್ನು ಅಳೆಯುತ್ತದೆ. ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಇ. ಎ. ಜಾನ್ಸನ್ ಅವರು 1965ರಲ್ಲಿಯೇ ಇಂಥ ಸ್ಪರ್ಶಪರದೆಯನ್ನು ವಿವರಿಸಿದ್ದರು. 2007ರಲ್ಲಿ ಐಫೋನ್ ಬಂದ ಮೇಲೆ ಅದು ಜನಸಾಮಾನ್ಯರ ಅಂಗೈಗೆ ಇಳಿಯತೊಡಗಿತು.

ಆದರೆ ಅಂತರಜಾಲದ ಪುಟಗಳು ಅದುವರೆಗೆ ಬಲ್ಲದ್ದು ಮೌಸನ್ನು. ಮೌಸಿನ ಬಾಣ ಒಂದೇ. ಅದು ಸದಾ ಪರದೆಯ ಮೇಲೆ ಎಲ್ಲಾದರೂ ಇದ್ದೇ ಇರುತ್ತದೆ. ಬೆರಳುಗಳಾದರೋ ಹಲವು, ತಾಕಿದಾಗಷ್ಟೇ ಅವುಗಳ ಇರವು. ಆದ್ದರಿಂದ ಬ್ರೌಸರ್ ಪ್ರತಿಯೊಂದು ಸ್ಪರ್ಶಕ್ಕೂ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅದು ಇರುವ ಸ್ಥಾನವನ್ನು ಅಡ್ಡ ಅಳತೆ, ಉದ್ದ ಅಳತೆಗಳಲ್ಲಿ ತಿಳಿಸುತ್ತದೆ. ಬೆರಳು ಇಳಿದಾಗ, ಸರಿದಾಗ, ಎದ್ದಾಗ ಒಂದೊಂದು ವಾರ್ತೆ ಬರುತ್ತದೆ.

ವಾರ್ತೆಯೊಡನೆ ಮೂರು ಪಟ್ಟಿಗಳಿರುತ್ತವೆ: ಪರದೆಯ ಮೇಲಿರುವ ಎಲ್ಲ ಬೆರಳುಗಳದು ಒಂದು, ಅವುಗಳಲ್ಲಿ, ವಾರ್ತೆಗೆ ಗುರಿಯಾದ ವಸ್ತುವಿನ ಮೇಲೆ ಮೊದಲು ಇಳಿದವುಗಳದು ಇನ್ನೊಂದು, ಈ ಕ್ಷಣದಲ್ಲಿ ಬದಲಾದವುಗಳದು ಮೂರನೆಯದು. ಮಗುವೊಂದು ಎರಡು ಬೆರಳಿನಿಂದ ಚಿತ್ರ ಬರೆಯುತ್ತಿದೆ ಎನ್ನಿ. ಮೊದಲ ಬೆರಳನ್ನು ಎತ್ತಿದರೆ, ಮೊದಲ ಪಟ್ಟಿಯಲ್ಲಿ ಅದರ ಹೆಸರು ಅಳಿದು, ಎರಡನೆಯ ಬೆರಳೇ ಮೊದಲ ಸ್ಥಾನಕ್ಕೆ ಬಂದುಬಿಡುತ್ತದೆ. ಸಾಲನ್ನು ನಂಬಿದ ಪ್ರೋಗ್ರಾಂ ಆಗ ಅಲ್ಲಿಂದಿಲ್ಲಿಗೆ ಒಂದು ಅನಾಥ ಗೆರೆಯನ್ನು ಎಳೆಯುತ್ತದೆ. ಗುರುತಿನ ಸಂಖ್ಯೆಯನ್ನು ನಂಬಿದ್ದು ಎಳೆಯುವುದಿಲ್ಲ. ಎದ್ದುಹೋದ ಬೆರಳಿನ ಸುದ್ದಿ ಸಿಗುವುದು ಮೂರನೆಯ ಪಟ್ಟಿಯಲ್ಲಿ ಮಾತ್ರ.

ನಾಲ್ಕನೆಯ ವಾರ್ತೆಯೂ ಒಂದಿದೆ, ರದ್ದತಿಯದು. ಬ್ರೌಸರ್ ತಾನೇ ಪುಟವನ್ನು ಸರಿಸಲು ತೊಡಗಿದರೆ, ಅಥವಾ ಫೋನಿನ ವ್ಯವಸ್ಥೆಯೇ ನಡುವೆ ಬಂದು ಸ್ಪರ್ಶವನ್ನು ತನ್ನ ವಶಕ್ಕೆ ತೆಗೆದುಕೊಂಡರೆ, ಬೆರಳು ಎದ್ದ ವಾರ್ತೆ ಬಾರದೆಯೇ ಹೋಗಬಹುದು. ಈ ರದ್ದತಿಯನ್ನು ಲೆಕ್ಕಕ್ಕೆ ಹಿಡಿಯದ ಪ್ರೋಗ್ರಾಂ, ಇಲ್ಲದ ಬೆರಳನ್ನು ಇದೆಯೆಂದೇ ತಿಳಿದು ಕಾಯುತ್ತ ಕೂರುತ್ತದೆ.

ಹಳೆಯ ಪುಟಗಳು ಕೆಡದಿರಲೆಂದು, ಸ್ಪರ್ಶದ ಬೆನ್ನಿಗೆ ಬ್ರೌಸರ್ ಮೌಸಿನ ವಾರ್ತೆಯನ್ನೂ ಕಳಿಸುವುದುಂಟು. ಎರಡಕ್ಕೂ ಕಿವಿಗೊಟ್ಟ ಗುಂಡಿ, ಒಮ್ಮೆ ಮುಟ್ಟಿದ್ದನ್ನು ಎರಡು ಸಲ ಎಂದು ಎಣಿಸೀತು. ಅದು ಹಣ ಕಳಿಸುವ ಗುಂಡಿಯಾಗಿದ್ದರೆ? ಮೊದಮೊದಲು ಬ್ರೌಸರ್‌ಗಳು, ಎರಡನೆಯ ತಟ್ಟು ಬಂದೀತೇನೋ ಎಂದು ಸುಮಾರು 300 ಮಿಲಿಸೆಕೆಂಡು ಕಾಯುತ್ತಿದ್ದವು. ಆ ತಡವನ್ನು ಸಹಿಸದೆ ಮತ್ತೆ ತಟ್ಟಿದವರೂ ಇದ್ದಾರೆ. ಮೊಬೈಲಿನ ಅಗಲಕ್ಕೆ ಹೊಂದಿಸಿದ ಪುಟಗಳಲ್ಲಿ ಈಗ ಆ ಕಾಯುವಿಕೆಯಿಲ್ಲ. ಮೌಸು, ಲೇಖನಿ, ಬೆರಳು ಮೂರಕ್ಕೂ ಒಂದೇ ಬಗೆಯ ವಾರ್ತೆಯಿರಲೆಂದು ಡಬ್ಲ್ಯು3ಸಿ ಸಂಸ್ಥೆ 2015ರಲ್ಲಿ ಪಾಯಿಂಟರ್ ಇವೆಂಟ್ಸ್ ಎಂಬ ಮಾನಕವನ್ನು ಅಂಗೀಕರಿಸಿತು.

ಮಾನಕ ಬಂದರೂ ಒಂದು ಕೆಲಸ ಮನುಷ್ಯನಿಗೇ ಉಳಿಯಿತು. ನಡುಗುವ ಬೆರಳು ತಟ್ಟುವಾಗ ಕೂದಲೆಳೆಯಷ್ಟು ಜರುಗುತ್ತದೆ. ಯಂತ್ರ ಕೊಡುವುದು ಅಂಕಿಗಳನ್ನಷ್ಟೆ; ಅದು ನಡುಕವೋ, ಎಳೆಯಬೇಕೆಂಬ ಇಚ್ಛೆಯೋ ಎಂದು ಅಂಕಿ ಹೇಳದು. ಕೆಲವು ಚುಕ್ಕಿಗಳಷ್ಟು ಜರುಗುವಿಕೆಯನ್ನು ಮನ್ನಿಸಿ, ಅದನ್ನು ತಟ್ಟೆಂದೇ ಎಣಿಸು ಎಂಬ ಒಂದು ಸಾಲನ್ನು ಪ್ರೋಗ್ರಾಂ ಬರೆಯುವವನು ಸೇರಿಸಬೇಕು. ಆ ಸಾಲು ಇಲ್ಲದಿದ್ದಾಗಲೇ, ಮನೆಯ ಹಿರಿಯರು ತಮ್ಮ ಬೆರಳನ್ನು ದೂರುವುದು.