ತುಕ್ಕುರೋಗದ ಚಿತ್ರ ಬರೆದವರ ಸಮಾಧಿ

ಮಗನೋ ಮಗಳೋ ಲಂಡನ್ನಿನಲ್ಲಿರುವ ಬೆಳೆಗಾರ ಬಂಧುಗಳು ನಮ್ಮಲ್ಲಿ ಈಗ ಅಪರೂಪವಲ್ಲ. ಕೊಯ್ಲು ಮುಗಿಸಿ ಅತ್ತ ಹೋದವರು ಕ್ಯೂ ಸಸ್ಯೋದ್ಯಾನವನ್ನು ನೋಡಿಯೇ ಬರುತ್ತಾರೆ. ಉದ್ಯಾನದ ಹೊರಗೆ, ಕ್ಯೂ ಗ್ರೀನ್ ಎಂಬ ಹುಲ್ಲುಬಯಲಿನಲ್ಲಿ, ಸೇಂಟ್ ಆನ್ ಚರ್ಚ್ ಇದೆ. ಅದರ ಅಂಗಳಕ್ಕೂ ಒಮ್ಮೆ ಹೋಗಿ ಬನ್ನಿ ಎಂದು ನಾವು ಹೇಳುತ್ತೇವೆ.

ರಾಣಿ ಆನ್ ಕೊಟ್ಟ ಜಾಗದಲ್ಲಿ 1714ರಲ್ಲಿ ಕಟ್ಟಿದ ಚರ್ಚಿದು. ಜನ ಹೆಚ್ಚಾಗಿ ಹುಡುಕಿ ಬರುವುದು ಚಿತ್ರಕಾರ ಗೇನ್ಸ್‌ಬರೋ (ಮರಣ 1788) ಅವರ ಸಮಾಧಿಯನ್ನು. ಲಖನೌದ ಕೋಳಿ ಅಂಕವೊಂದನ್ನು ಚಿತ್ರಿಸಿ ಹೆಸರಾದ ಜೋಫನಿ (ಮರಣ 1810) ಕೂಡ ಇಲ್ಲೇ ಇದ್ದಾರೆ. ಕೋಳಿ ಅಂಕದ ಗೀಳಿನವರು ನಮ್ಮಲ್ಲೂ ಉಂಟಷ್ಟೆ!

ಆದರೆ ತೋಟದವರು ಕೇಳಬೇಕಾದ ಹೆಸರು ಫ್ರಾನ್ಸಿಸ್ ಬಾವರ್. ಆಸ್ಟ್ರಿಯಾದಿಂದ ಬಂದ ಇವರು 1840ರಲ್ಲಿ ತೀರಿಕೊಳ್ಳುವವರೆಗೆ ಸುಮಾರು ಐವತ್ತು ವರ್ಷ ಕ್ಯೂನಲ್ಲೇ ಗಿಡಗಳ ಚಿತ್ರ ಬರೆದರು. 1804ರಲ್ಲಿ ಇಂಗ್ಲೆಂಡಿನ ಗೋಧಿಗೆ ತುಕ್ಕು ಬಡಿದು ಫಸಲು ನೆಲಕಚ್ಚಿತು. ಮರುವರ್ಷ ಜೋಸೆಫ್ ಬ್ಯಾಂಕ್ಸ್ ಅವರು ಆ ರೋಗದ ಮೇಲೆ ಚಿಕ್ಕ ಪುಸ್ತಕವೊಂದನ್ನು ಹೊರಡಿಸಿದರು. ಬಾವರ್ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದ ಚಿತ್ರಗಳು ಅದರಲ್ಲಿದ್ದವು. ತುಕ್ಕೆಂದರೆ ಹವೆಯ ದೋಷವಲ್ಲ, ಗಿಡದ ಉಸಿರುರಂಧ್ರಗಳಿಂದ ಒಳಹೊಕ್ಕು ಬೆಳೆಯುವ ಶಿಲೀಂಧ್ರ ಎಂಬ ಮಾತು ರೈತರ ಮುಂದೆ ಬಂತು. ನಮ್ಮ ಕಾಫಿ ಎಲೆಯ ತುಕ್ಕು ಬೇರೆ ಜಾತಿಯದು. ಆದರೆ ಅದು ನುಗ್ಗುವುದೂ ಎಲೆಯಡಿಯ ರಂಧ್ರಗಳಿಂದಲೇ. ಬೋರ್ಡೋ ದ್ರಾವಣ ಎಲೆಯ ತಳಭಾಗಕ್ಕೆ ತಾಗುವಂತೆ ಹೊಡೆಯಿರಿ ಎಂದು ನಾವು ವರ್ಷವರ್ಷವೂ ಹೇಳುವುದು ಅದಕ್ಕೇ.

ಇನ್ನು ಹೂಕರ್ ತಂದೆ-ಮಕ್ಕಳು. ತಂದೆ ವಿಲಿಯಂ ಕ್ಯೂವಿನ ನಿರ್ದೇಶಕರಾಗಿದ್ದು 1865ರಲ್ಲಿ ತೀರಿಕೊಂಡರು. ಮಗ ಜೋಸೆಫ್ ಅದೇ ಕುರ್ಚಿಯಲ್ಲಿ 1885ರವರೆಗೆ ಕುಳಿತರು. ಏಳು ಸಂಪುಟಗಳ ಭಾರತದ ಸಸ್ಯಕೋಶ (1872–1897) ಜೋಸೆಫರ ನೇತೃತ್ವದ್ದು. ಕಾಫಿ ಕುಲ ಮೂರನೆಯ ಸಂಪುಟದಲ್ಲಿದೆ, ಅಡಿಕೆ ಆರನೆಯದರಲ್ಲಿ. 1911ರಲ್ಲಿ ಜೋಸೆಫ್ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಡಾರ್ವಿನ್ನರ ಬಳಿ ಜಾಗ ಕೊಡಲು ಮುಂದೆ ಬಂದಿದ್ದರು. ಅದನ್ನು ಬಿಟ್ಟು ಈ ಅಂಗಳದಲ್ಲಿ ತಂದೆಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಲಾಯಿತು. ಚರ್ಚಿನೊಳಗೆ ಅವರ ಸ್ಮಾರಕ ಫಲಕದಲ್ಲಿ ಐದು ಗಿಡಗಳ ಚಿತ್ರಗಳಿವೆ; ಮಲೇರಿಯಾಕ್ಕೆ ಮದ್ದಾದ ಸಿಂಕೋನಾ ಅವುಗಳಲ್ಲೊಂದು.

1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಎಲೆತುಕ್ಕು ಅಲ್ಲಿನ ಕಾಫಿಯನ್ನು ಮುಗಿಸಿತು, ತೋಟಗಳು ಚಹಾಕ್ಕೆ ತಿರುಗಿದವು. ಜೋಸೆಫರ ಕಾಲದಲ್ಲಿ, 1870ರ ದಶಕದಲ್ಲಿ, ಕ್ಯೂವಿನಿಂದ ಲೈಬೀರಿಯಾ ಕಾಫಿಯ ಸಸಿಗಳು ಸಿಲೋನಿಗೂ ಇತರೆಡೆಗೂ ಹೋದವು. ಲೈಬೀರಿಯಾ ಕಾಫಿ ತಾನಾಗಿ ಅಂಥ ಲಾಭ ತರಲಿಲ್ಲ. ಆದರೆ ನಮ್ಮ ನಾಡಿನಲ್ಲಿ ಅದು ಅರೇಬಿಕಾದೊಡನೆ ತಾನೇ ಬೆರೆತು ಹುಟ್ಟಿದ ಎಸ್.26ರಿಂದ ಎಸ್.288 ಬಂತು. ಅದನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ ಬಾಳೆಹೊನ್ನೂರಿನವರು ಕೊಟ್ಟದ್ದೇ ಎಸ್.795. ಅದರ ತಡೆಶಕ್ತಿ ಈಗ ಮೊದಲಿನಷ್ಟಿಲ್ಲ, ನಿಜ. ಹೊಸ ನಾಟಿಗೆ ತಳಿ ಆರಿಸುವಾಗ ಇದು ನೆನಪಿರಲಿ.

ಚರ್ಚ್ ನೋಡಿ ಬಂದ ಸದಸ್ಯರು ನಮಗೊಂದು ಕಾಗದ ಬರೆದರೆ ಸಂತೋಷ.